ಎರಡೂವರೆ ಬಿಳಿ ಗರಿ

ಡೆಲ್ಮಸ್ ಟೀಟರ್ ನನ್ನನ್ನು ಕಿಟಕಿಗೆ ಕೂರಿಸಲು ಹೊರಟ ದಿನವೇ, ಇವನನ್ನು ಒಂದು ಕೈ ನೋಡಿಕೊಳ್ಳದೆ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ. ನನಗೆ ಎಪ್ಪತ್ತಮೂರು ವರ್ಷ. ಈ ವಯಸ್ಸಿನಲ್ಲಿ ಇಂಥ ಕೆಲಸಗಳನ್ನು ನಾಳೆಗೆ ಇಟ್ಟುಕೊಳ್ಳುವುದು ಕ್ಷೇಮವಲ್ಲ.

ಅವನು ಬಂದದ್ದು ಡಿಸೆಂಬರಿನ ಮೊದಲ ಮಂಗಳವಾರ. ನಾನು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ. ಬೂಟಿನ ಹಿಮವನ್ನು ಹೊಸಲಲ್ಲೇ ಕೊಡವಿ, ಕೇಳದೆ ಒಳಗೆ ಬಂದು, ಕೇಳದೆ ಕುರ್ಚಿ ಎಳೆದುಕೊಂಡ. ಬಗಲಲ್ಲಿ ಹಸಿರು ರಟ್ಟಿನ ಎಣಿಕೆ ಪುಸ್ತಕ. ಅದು ಅವನ ಬಗಲಲ್ಲಿದ್ದರೆ ಯಾರಿಗೋ ಕೆಟ್ಟ ಸುದ್ದಿ ಕಾದಿದೆ ಎಂದು ಊರಿಗೆಲ್ಲ ಗೊತ್ತು.

ನಮ್ಮ ಹಿಕರಿ ಫೋರ್ಕ್‌ನಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ಹಕ್ಕಿ ಎಣಿಕೆ. ಊರನ್ನು ಏಳು ಭಾಗ ಮಾಡಿ ಒಂದೊಂದು ಭಾಗಕ್ಕೆ ಇಬ್ಬರು. ಬೆಳಕು ಹರಿದಾಗಿನಿಂದ ಹೊತ್ತು ಮುಳುಗುವವರೆಗೆ ನಡೆದು, ಕಂಡ ಹಕ್ಕಿಯನ್ನೆಲ್ಲ ಎಣಿಸಬೇಕು. ಸಂಜೆ ಐದಕ್ಕೆ ಫೈರ್ ಸ್ಟೇಷನ್ನಿನ ಹಾಲ್‌ನಲ್ಲಿ ಬಕ್‌ವೀಟ್ ಹಿಟ್ಟಿನ ದೋಸೆ, ಸಾಸೇಜು, ಮೇಪಲ್ ಪಾಕ. ತಿಂದಾದ ಮೇಲೆ ಡೆಲ್ಮಸ್ ಎದ್ದು ನಿಂತು ಒಂದೊಂದೇ ಹಕ್ಕಿಯ ಹೆಸರು ಓದುತ್ತಾನೆ, ಭಾಗದವರು ಕೂಗಿ ಸಂಖ್ಯೆ ಹೇಳುತ್ತಾರೆ, ಅವನು ಪುಸ್ತಕಕ್ಕೆ ಬರೆದುಕೊಳ್ಳುತ್ತಾನೆ. ಅಪರೂಪದ ಹಕ್ಕಿಯಾದರೆ ಆ ವಾರದಲ್ಲಿ ಯಾವತ್ತು ಕಂಡರೂ ಸೇರುತ್ತದೆ, ಆದರೆ ಇಬ್ಬರು ಕಣ್ಣಾರೆ ನೋಡಿರಬೇಕು, ಇಬ್ಬರೂ ನಮೂನೆಗೆ ಸಹಿ ಹಾಕಬೇಕು. ಒಬ್ಬರೇ ನೋಡಿದ್ದು ನೋಡಿದ್ದಲ್ಲ. ಅದು ನಿಯಮ.

ಡೆಲ್ಮಸ್ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಊರೆಲ್ಲ ಅವನನ್ನು ಮೇಷ್ಟ್ರೇ ಎನ್ನುತ್ತದೆ, ನಾನು ಮಾತ್ರ ಎನ್ನುವುದಿಲ್ಲ. ಎರಡನೇ ಕ್ಲಾಸಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು, ನನ್ನ ಕೋಟು ಕೇಳಿ ಪಡೆದು ಸೊಂಟಕ್ಕೆ ಸುತ್ತಿಕೊಂಡು ಮನೆಗೆ ಹೋದವನನ್ನು ನಾನು ಯಾವ ಬಾಯಲ್ಲಿ ಮೇಷ್ಟ್ರೇ ಎನ್ನಲಿ?

"ಐಡೆಲ್ಲಾ, ಈ ಸಲ ಹಿಕರಿ ತೊರೆ ಭಾಗ ವಿಲ್ಡಾಗೆ ಬಿಟ್ಬಿಡು" ಎಂದ. "ನೀನು ಮನೇಲೇ ಅಡುಗೆಮನೆ ಕಿಟಕಿ ಹತ್ರ ಕೂತ್ಕೊಂಡು ಎಣಿಸು. ಬೆಚ್ಚಗಿರುತ್ತೆ."

ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು.

"ಯಾಕಪ್ಪಾ? ಏನಾಗಿದೆ ನಂಗೆ?"

"ಹೋದ ವರ್ಷದ ಗೂಬೆ."

ಆ ಗೂಬೆಯ ಕಥೆಯನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ. ಹೋದ ವರ್ಷ ತೊರೆಯ ದಂಡೆಯ ಮರದ ಮೇಲೆ ದೊಡ್ಡ ಬಿಳಿ ಗೂಬೆ ಕೂತಿತ್ತು ಎಂದು ನಾನು ಹಾಲ್‌ನಲ್ಲಿ ಎದ್ದು ನಿಂತು ಹೇಳಿದೆ. ಜೊತೆಗಿದ್ದ ನನ್ನ ಅಕ್ಕನ ಮಗಳು ವಿಲ್ಡಾ, "ಬೆಳ್ಳಗೆ ಏನೋ ಇತ್ತು" ಎಂದು ಸಹಿ ಹಾಕಿದಳು. ಮರುದಿನ ಮೂವರು ನೋಡಲು ಹೋದರೆ ಕೊಂಬೆಗೆ ದನದ ಬೂಸಾದ ಬಿಳಿ ಚೀಲ ಸಿಕ್ಕಿಕೊಂಡಿತ್ತು. ಗೂಬೆ ಹಾರಿಹೋದ ಮೇಲೆ ಗಾಳಿಗೆ ಚೀಲ ಬಂತು ಎಂದು ನಾನು ಹೇಳಿದೆ. ವರ್ಷವಿಡೀ ಅದನ್ನೇ ಹೇಳಿದೆ. ಆದರೂ ಚರ್ಚಿನಲ್ಲಿ ನಾನು ಕೂತ ಕೂಡಲೇ ಹಿಂದಿನ ಸಾಲಿನಿಂದ ಗೂಬೆ ಕೂಗಿದಂತೆ "ಹೂ... ಹೂ..." ಕೇಳಿಸುತ್ತದೆ.

"ಆಗ ಕಣ್ಣಲ್ಲಿ ಪೊರೆ ಇತ್ತು ಕಣೋ. ಸೆಪ್ಟೆಂಬರಲ್ಲಿ ಎರಡೂ ತೆಗೆಸಿದೀನಿ. ಈಗ ಬೇಕಾದ್ರೆ ನಿನ್ನ ಮೂಗಲ್ಲಿರೋ ಕೂದ್ಲು ಎಣಿಸ್ತೀನಿ, ಬಾ ಇಲ್ಲಿ."

"ಕಣ್ಣಿನ ಮಾತಲ್ಲ, ಐಡೆಲ್ಲಾ."

"ಮತ್ತೆ ಇನ್ಯಾವುದರ ಮಾತು?"

ಅವನು ತಟ್ಟೆಯಲ್ಲಿದ್ದ ನಿನ್ನೆಯ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರಿಕೊಂಡ.

"ಸರಿ. ನಿನ್ನ ಕಣ್ಣಿಗೆ ತಪ್ಪಿದ್ದು ನನ್ನ ಕಣ್ಣಿಗೆ ಬಿದ್ರೆ?"

ಅವನಿಗೆ ನಗು ಬಂತು. "ಬೀಳ್ಲಿ ನೋಡೋಣ. ಆವತ್ತಿಂದ ತೊರೆ ನಿಂದೇ. ಸಾಯೋವರೆಗೂ ಯಾರೂ ಕೇಳಲ್ಲ. ಆದ್ರೆ ನೆನಪಿರ್ಲಿ, ನಾನು ಬಿಳಿ ಡೇಗೆ ನೋಡಿದೋನು."

ಅಯ್ಯೋ, ಆ ಬಿಳಿ ಡೇಗೆ! ತೊಂಬತ್ತೊಂದನೇ ಇಸವಿಯ ಎಣಿಕೆಯ ದಿನ ಉತ್ತರ ಧ್ರುವದ ಕಡೆಯ ಬೇಟೆಹಕ್ಕಿ, ಬಿಳಿ ಡೇಗೆಯೊಂದು ನಮ್ಮ ಬೆಟ್ಟದ ನೆತ್ತಿಯ ಮೇಲೆ ಹಾರಿಹೋಯಿತಂತೆ. ನೋಡಿದವರು ಡೆಲ್ಮಸ್ ಮತ್ತು ಅವನ ಅಣ್ಣ ಹಾಯ್ಟ್. ಹಾಯ್ಟ್ ತೀರಿಕೊಂಡು ಒಂಬತ್ತು ವರ್ಷವಾಯಿತು, ಡೇಗೆ ಮಾತ್ರ ಇನ್ನೂ ಸತ್ತಿಲ್ಲ. ಆ ಪುಟದ ನಕಲಿಗೆ ಕಟ್ಟು ಹಾಕಿಸಿ ಡೆಲ್ಮಸ್ ಹಜಾರದ ಗೋಡೆಗೆ ತೂಗುಹಾಕಿದ್ದಾನೆ.

ಅವನು ಹೋದ ಮೇಲೆ ನಾನು ಸುಮ್ಮನೆ ಕಿಟಕಿಯ ಹತ್ತಿರ ನಿಂತೆ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಕೋಪವಲ್ಲ, ಭಯ. ಮೂವತ್ತೆಂಟು ವರ್ಷ ನಾನು ಆ ತೊರೆಯ ದಂಡೆಯಲ್ಲಿ ನಡೆದಿದ್ದೇನೆ. ಕಿಟಕಿಗೆ ಕೂತ ಮುದುಕಿಯರು ಮತ್ತೆ ಎದ್ದು ತೊರೆಗೆ ಹೋದದ್ದನ್ನು ನಾನು ನೋಡಿಲ್ಲ. ಮೊದಲು ಕಿಟಕಿ, ಆಮೇಲೆ ಆರಾಮಕುರ್ಚಿ, ಆಮೇಲೆ ಮಂಚ. ನನಗೆ ಅದು ಬೇಡವಾಗಿತ್ತು.

ಕಿಟಕಿಯಾಚೆ ಹಿಮದ ಮೇಲೆ ಹಿಮಗುಬ್ಬಿಗಳು ಮೇಯುತ್ತಿದ್ದವು. ಊರವರೆಲ್ಲ ಅವನ್ನು ಹಿಮಗುಬ್ಬಿ ಎಂದರೆ ಡೆಲ್ಮಸ್ ಒಬ್ಬ ಜುಂಕೊ ಎನ್ನುತ್ತಾನೆ. ಬೆನ್ನೆಲ್ಲ ಒಲೆಯ ಬೂದಿ ಬಣ್ಣ, ಹೊಟ್ಟೆ ಬಿಳಿ, ಅಳತೆಗೋಲಿಟ್ಟು ಗೆರೆ ಎಳೆದಷ್ಟು ಚೊಕ್ಕ. ಕೊಕ್ಕು ನಸುಗೆಂಪು. ಎರಡೂ ಕಾಲನ್ನು ಒಟ್ಟಿಗೆ ಹಿಂದಕ್ಕೆ ಒದ್ದು ಹಿಮ ಕೆದಕುತ್ತವೆ, ಮುಂದಕ್ಕೆ ಕುಪ್ಪಳಿಸಿ ಕಾಳು ಹೆಕ್ಕುತ್ತವೆ. ಬೇಸಿಗೆಗೆ ನಮ್ಮವು ದೂರವೇನೂ ಹೋಗುವುದಿಲ್ಲ, ಬೆಟ್ಟ ಹತ್ತಿ ಮೇಲಿನ ಸ್ಪ್ರೂಸ್ ಕಾಡು ಸೇರುತ್ತವೆ. ಮೊದಲ ಹಿಮ ಬಿದ್ದರೆ ಇಳಿದು ಬರುತ್ತವೆ. ಒಂದೊಂದು ಗುಂಪಿಗೂ ಅದರದೇ ಎಲ್ಲೆ. ನನ್ನ ಅಂಗಳದ ಗುಂಪೇ ರಸ್ತೆ ದಾಟಿ ಡೆಲ್ಮಸ್‌ನ ಅಂಗಳಕ್ಕೂ ಹೋಗುತ್ತದೆ, ಚಳಿಗಾಲವಿಡೀ ಅದೇ ಇಪ್ಪತ್ತು ಹಕ್ಕಿ.

ಆ ಗುಂಪಿಗೊಬ್ಬ ಯಜಮಾನ. ಎಲ್ಲರಿಗಿಂತ ಕಪ್ಪಗಿನ ಗಂಡು. ಒಳ್ಳೆಯ ಕಾಳು ಬಿದ್ದ ಜಾಗಕ್ಕೆ ಬೇರೆ ಯಾರಾದರೂ ಕಾಲಿಟ್ಟರೆ ತಲೆ ತಗ್ಗಿಸಿ ನುಗ್ಗಿ ಬರುತ್ತಾನೆ. ನೋಡಿದಾಗಲೆಲ್ಲ ನನಗೆ ಡೆಲ್ಮಸ್‌ನೇ ನೆನಪಾಗುತ್ತಾನೆ.

ಆಗ ನನ್ನ ಕೈಗೆ ಮೆತ್ತಿದ್ದ ಮೈದಾ ಕಂಡಿತು.

ಜುಂಕೊಗಳಲ್ಲಿ ಎಷ್ಟು ಬಗೆ ಎಂದು ಡೆಲ್ಮಸ್ ಪ್ರತಿ ವರ್ಷ ಹಾಲ್‌ನಲ್ಲಿ ಪಾಠ ಮಾಡುತ್ತಾನೆ, ದೋಸೆ ತಣ್ಣಗಾಗುವವರೆಗೆ. ಪಶ್ಚಿಮ ಕರಾವಳಿಯದಕ್ಕೆ ಕಪ್ಪು ಟೊಪ್ಪಿಗೆ, ಕಂದು ಬೆನ್ನು. ಇನ್ನೊಂದಕ್ಕೆ ಪಕ್ಕೆ ಗುಲಾಬಿ. ತೀರಾ ದಕ್ಷಿಣದ್ದಕ್ಕೆ ಹಳದಿ ಕಣ್ಣು. ದೂರದ ಬ್ಲ್ಯಾಕ್ ಹಿಲ್ಸ್ ಗುಡ್ಡಗಳದಕ್ಕೆ ರೆಕ್ಕೆಯ ಮೇಲೆ ಎರಡು ಬಿಳಿ ಪಟ್ಟೆ. ಹಳದಿ ಕಣ್ಣಿನದನ್ನು ಬಿಟ್ಟು ಉಳಿದವನ್ನೆಲ್ಲ, ಒಂದು ಕಾಲದಲ್ಲಿ ಬೇರೆ ಬೇರೆ ಜಾತಿ ಎಂದವರೇ, ಈಗ ಒಂದೇ ಜಾತಿ ಎನ್ನುತ್ತಾರೆ. ಆದರೂ ಆ ಬಿಳಿ ರೆಕ್ಕೆಯದು ನಮ್ಮ ವೆಸ್ಟ್ ವರ್ಜೀನಿಯಾದ ಕಣಿವೆಗೆ ಬಂದರೆ ಡೆಲ್ಮಸ್ ಊಟ ಬಿಡುತ್ತಾನೆ.

ಮಧ್ಯಾಹ್ನ ಅಂಚೆಕಚೇರಿ ಮುಚ್ಚಿದ ಮೇಲೆ ವಿಲ್ಡಾ ಬಂದಳು. ಅವಳಿಗೆ ಅಲ್ಲೇ ಕೆಲಸ, ಐವತ್ತು ದಾಟಿದೆ, ಆದರೂ ನಗು ಬಂದರೆ ತಡೆದುಕೊಳ್ಳಲಾರಳು. ಅಂಗಳದಲ್ಲಿ ನಾನು ಅಂಬೆಗಾಲಿಟ್ಟಿದ್ದೆ.

"ಚಿಕ್ಕಮ್ಮಾ! ಬಿದ್ಯಾ?"

"ಬೀಳಿಸೋಕೆ ಹೊರಟಿದೀನಿ. ಆ ತಂತಿ ಕೊಡಿಲ್ಲಿ."

ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಮರದ ಚೆಂಡು ತೂರಿಸಿ ಆಡುತ್ತೇವಲ್ಲ, ಆ ಆಟದ ತಂತಿ ಕಮಾನುಗಳು ಅವು. ಕಮಾನಿನ ಎರಡು ಕಡೆಯೂ ಹಕ್ಕಿಯ ಭುಜದ ಎತ್ತರಕ್ಕೆ ಎರಡೆರಡು ಉಣ್ಣೆಯ ಕುಚ್ಚು ಕಟ್ಟಿದೆ, ಕುಚ್ಚನ್ನು ಮೈದಾದಲ್ಲಿ ಅದ್ದಿದೆ, ಕಮಾನಿನಾಚೆ ಒಂದು ಹಿಡಿ ಬರಗಿನ ಕಾಳು ಚೆಲ್ಲಿದೆ. ಹಕ್ಕಿ ತೂರಿ ಹೋದರೆ ರೆಕ್ಕೆಗೆ ಎರಡು ಪಟ್ಟೆ. ಸಂಜೆಗೆ ಚೆನ್ನಾಗಿ ಮೈ ಕೊಡವಿದರೆ ಹಿಟ್ಟು ಉದುರುತ್ತದೆ, ಹಕ್ಕಿಗೆ ಏನೂ ಆಗುವುದಿಲ್ಲ.

"ಡೆಲ್ಮಸ್ ಬಂದು ನೋಡ್ತಾನೆ, ಬಿಳಿ ರೆಕ್ಕೆ ಅಂತ ಕುಣೀತಾನೆ. ಆಗ ನಾನು ಬಾಲ ನೋಡು ಅಂತೀನಿ, ಅಷ್ಟೇ. ತೊರೆ ನಂದು."

"ಬಾಲದಲ್ಲಿ ಏನಿದೆ ಚಿಕ್ಕಮ್ಮಾ?"

"ಎಷ್ಟು ವರ್ಷದಿಂದ ನನ್ ಜೊತೆ ಎಣಿಸ್ತಿದ್ದೀಯೇ ನೀನು? ಹಾರುವಾಗ ಬಾಲದ ಎರಡೂ ಅಂಚಲ್ಲಿ ಬಿಳಿ ಮಿಂಚುತ್ತಲ್ಲ? ನಮ್ಮದಕ್ಕೆ ಒಂದೊಂದು ಕಡೆ ಎರಡು ಗರಿ ಬಿಳಿ, ಮೂರನೇದು ಅರ್ಧ. ಎರಡೂವರೆ. ಆ ಬ್ಲ್ಯಾಕ್ ಹಿಲ್ಸಿನದಕ್ಕೆ ಹತ್ರ ಹತ್ರ ನಾಲ್ಕು. ಮೈ ಬಣ್ಣನೂ ತಿಳಿ. ರೆಕ್ಕೆಗೆ ಹಿಟ್ಟು ಬಳೀಬೋದು, ಬಾಲಕ್ಕೆ ಬಳಿಯೋಕಾಗಲ್ಲ. ಕೂತಿದ್ದಾಗ ಅದನ್ನ ಮುಚ್ಚಿಟ್ಕೊಂಡಿರುತ್ತೆ."

ಮೂರು ದಿನ ಯಾವ ಹಕ್ಕಿಯೂ ಕಮಾನಿನ ಹತ್ತಿರ ಸುಳಿಯಲಿಲ್ಲ. ನಾಲ್ಕನೇ ದಿನ ಒಂದು ಪೆದ್ದ ಹೆಣ್ಣು ತೂರಿತು. ಕುಚ್ಚು ತಲೆಗೇ ಬಡಿದು, ಬೇಕರಿಯವನ ಟೋಪಿ ಹಾಕಿಕೊಂಡಂತೆ ಹೊರಬಂತು. ವಿಲ್ಡಾ ನಕ್ಕು ನಕ್ಕು ಪರದೆಯನ್ನು ಕಂಬಿಯ ಸಮೇತ ಕಿತ್ತಳು. ಕುಚ್ಚನ್ನು ಬೆರಳಗಲ ಕೆಳಗಿಳಿಸಿದೆ. ಐದನೇ ದಿನ ಬೇರೆಯವರು ಬರಗು ತಿನ್ನುವುದನ್ನು ಸಹಿಸಲಾರದೆ ಯಜಮಾನನೇ ನುಗ್ಗಿದ. ಹೊರಬಂದಾಗ ಎರಡೂ ರೆಕ್ಕೆಯ ಮೇಲೆ ಎರಡೆರಡು ಬಿಳಿ ಪಟ್ಟೆ, ಕುಂಚದಲ್ಲಿ ಬರೆದ ಹಾಗೆ. ಆಮೇಲೆ ಆ ಜಾಗವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ದಿನಾ ಬೆಳಗ್ಗೆ ಬಂದು, ಹಿಟ್ಟು ಬಳಿಸಿಕೊಂಡು, ಹೊಟ್ಟೆ ತುಂಬಿದ ಮೇಲೆ ರಸ್ತೆ ದಾಟಿ ಡೆಲ್ಮಸ್‌ನ ಅಂಗಳಕ್ಕೆ ಹೋಗುತ್ತಿದ್ದ.

ಎಣಿಕೆಗೆ ನಾಲ್ಕು ದಿನವಿದ್ದಾಗ ಡೆಲ್ಮಸ್ ಓಡಿಬಂದ. ಹಿಮದಲ್ಲಿ, ಮನೆಯೊಳಗಿನ ಚಪ್ಪಲಿಯಲ್ಲಿ! ತಲೆಗೆ ಟೋಪಿಯಿಲ್ಲ.

"ಐಡೆಲ್ಲಾ... ಬೇಗ ಬಾ. ಮಾತಾಡ್ಬೇಡ. ನಿಧಾನ ನಡಿ, ಆದ್ರೆ ಬೇಗ ಬಾ."

ಕೋಟು ಹಾಕಿಕೊಳ್ಳುವಾಗ ನಾನು ತುಟಿ ಕಚ್ಚಿಕೊಂಡೆ. ಅವನ ಅಡುಗೆಮನೆಯ ಕಿಟಕಿಯಿಂದ ಇಬ್ಬರೂ ಇಣುಕಿದೆವು. ಪೊದೆಯ ಬುಡದಲ್ಲಿ ಯಜಮಾನ ಎದೆಯುಬ್ಬಿಸಿ ಕಾಳು ಕೆದಕುತ್ತಿದ್ದ, ಮದುವೆಯ ಗಂಡಿನ ಹಾಗೆ.

"ಬಿಳಿ ರೆಕ್ಕೆ" ಎಂದು ಡೆಲ್ಮಸ್ ಪಿಸುಗುಟ್ಟಿದ. "ಬ್ಲ್ಯಾಕ್ ಹಿಲ್ಸಿಂದ. ಸಾವಿರ ಮೈಲಿಗೂ ಮೇಲೆ ಕಣೇ. ನನ್ನ ಅಂಗಳಕ್ಕೆ."

ಬಾಲ ನೋಡು ಎನ್ನಬೇಕಾದ ಹೊತ್ತು ಅದೇ. ಮಾತು ಬಾಯಿಯವರೆಗೂ ಬಂದಿತ್ತು. ಅವನ ಮುಖ ನೋಡಿದೆ. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಎರಡನೇ ಕ್ಲಾಸಿನಲ್ಲಿ ಕೋಟು ಕೇಳಿದಾಗ ಹಿಡಿದುಕೊಂಡಿದ್ದಂತೆಯೇ. ಮಾತು ವಾಪಸು ಗಂಟಲಿಗಿಳಿಯಿತು.

"ಇಬ್ಬರು ನೋಡ್ಬೇಕಲ್ಲ" ಎಂದ. "ಇನ್ನೊಬ್ಬರು ಯಾರು ಅಂತ ಯೋಚನೆ ಮಾಡ್ದೆ. ನಿನ್ನ ಕಣ್ಣು ಹೊಸದು. ನೀನೇ ಸಹಿ ಹಾಕು. ಶನಿವಾರ ತೊರೆ ಭಾಗ ನಿಂದೇ, ಇನ್ಮೇಲೂ ನಿಂದೇ. ನಂದೇ ತಪ್ಪು."

ನಮೂನೆಯನ್ನು ಆಗಲೇ ತುಂಬಿಸಿಟ್ಟಿದ್ದ, ಮಡಿಸಿ, ಸಹಿಯ ಗೆರೆ ಮಾತ್ರ ಕಾಣುವಂತೆ. ಪೆನ್ನು ಕೈಗೆ ಕೊಟ್ಟ. ಯಜಮಾನ ಹಾರಿಹೋದ. ಹೋಗುವಾಗ ಬಾಲ ಬಿಚ್ಚಿದ, ಎರಡೂವರೆ, ಎರಡೂವರೆ. ಡೆಲ್ಮಸ್ ಆ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ.

ನಾನು ಸಹಿ ಹಾಕಿದೆ. ದೇವರಾಣೆ, ತೊರೆಯ ಆಸೆಗೆ ಹಾಕಿದೆನೋ ಅವನ ಕಣ್ಣೀರಿಗೆ ಹಾಕಿದೆನೋ ನನಗೇ ಗೊತ್ತಿಲ್ಲ.

"ಮೂಗಿನ ಮೇಲೆ ಹಿಟ್ಟು ಮೆತ್ತಿದೆ, ಒರೆಸ್ಕೊ" ಎಂದು ನನ್ನ ಮನೆ ಬಾಗಿಲವರೆಗೆ ಬಂದು ಬಿಟ್ಟುಹೋದ.

ಶನಿವಾರ ನಾನು ತೊರೆಯ ದಂಡೆಯಲ್ಲಿ ನಡೆದೆ. ಎಂಥ ದಿನ! ಬಿಸಿಲು, ಗಾಳಿಯಿಲ್ಲ, ನೀರಿನ ಅಂಚಿನಲ್ಲಿ ಗಾಜಿನಷ್ಟು ತೆಳ್ಳನೆಯ ಮಂಜುಗಡ್ಡೆ. ಹೊಸ ಕಣ್ಣಿಗೆ ಪ್ರತಿ ಕೊಂಬೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಆದರೆ ಎದೆಯ ಮೇಲೆ ಕಲ್ಲಿಟ್ಟಂತಿತ್ತು. ಪೊದೆಗಳಿಂದ ಹಿಮಗುಬ್ಬಿಗಳು ಟಿಕ್ ಟಿಕ್ ಎನ್ನುತ್ತ ಎದ್ದಾಗಲೆಲ್ಲ ಬಾಲದ ಬಿಳಿ ಕಣ್ಣಿಗೆ ಹೊಡೆಯುತ್ತಿತ್ತು.

"ಚಿಕ್ಕಮ್ಮಾ, ಸುಮ್ನೆ ಇದ್ಬಿಡು" ಎಂದಳು ವಿಲ್ಡಾ. "ತೊರೆ ಸಿಕ್ತು. ಅವರಿಗೂ ಖುಷಿ. ಯಾರಿಗೇನು ನಷ್ಟ?"

"ಸೋಮವಾರ ಅವನು ಅದನ್ನ ರಾಜಧಾನಿಗೆ, ಹಕ್ಕಿ ದಾಖಲೆ ಇಡೋರಿಗೆ ಕಳಿಸ್ತಾನೆ ಕಣೇ. ಅಲ್ಲಿರೋರು ಪೆದ್ದರಲ್ಲ. ಕರೀ ಗಂಡಿಗೆ ಬಿಳಿ ಪಟ್ಟೆ ಅಂದ್ರೆ ನಗ್ತಾರೆ. ನಂಗೆ ಹೂ ಹೂ ಅಂದ ಹಾಗೆ ಅವನಿಗೂ ಏನಾದ್ರೊಂದು ಅಂತಾರೆ."

"ಹೇಳ್ಬಿಟ್ರೆ ತೊರೆ ಹೋಗುತ್ತೆ."

"ಹೋಗುತ್ತೆ."

ಆ ದಂಡೆಯಲ್ಲಿ ನಾನು ಅಳುವುದೊಂದು ಬಾಕಿ. ಕಡೆಯ ಸಲ ನೋಡುವವಳಂತೆ ಒಂದೊಂದು ಮರವನ್ನೂ ನಿಂತು ನೋಡಿದೆ. ಬೂಸಾ ಚೀಲದ ಮರದ ಹತ್ತಿರ ಮಾತ್ರ ತಲೆಯೆತ್ತಲಿಲ್ಲ.

ಸಂಜೆ ಹಾಲ್ ಜನರಿಂದ ತುಂಬಿತ್ತು. ಸಾಸೇಜಿನ ಹೊಗೆ, ಒದ್ದೆ ಕಾಲುಚೀಲದ ವಾಸನೆ, ಬಾಣಲೆಗಳ ಸದ್ದು. ನಾನು ಅರ್ಧ ದೋಸೆಯನ್ನೂ ತಿನ್ನಲಾರದೆ ಹೋದೆ. ಡೆಲ್ಮಸ್ ಎದ್ದು ಕನ್ನಡಕ ಏರಿಸಿಕೊಂಡು ಓದತೊಡಗಿದ. ಬಾತು, ಗಿಡುಗ, ಮರಕುಟಿಗ, ಕಾಗೆ, ಒಂದೊಂದಾಗಿ ಮುಗಿಸಿ ಜುಂಕೊಗೆ ಬಂದ. ಆರು ಭಾಗದವರು ಸಂಖ್ಯೆ ಕೂಗಿದರು. ಏಳನೆಯದು ನಮ್ಮದು. ಅಷ್ಟರಲ್ಲಿ ಅವನು ಕೈಯೆತ್ತಿದ.

"ತೊರೆ ಭಾಗಕ್ಕೆ ಮುಂಚೆ ಒಂದು ವಿಶೇಷ" ಎಂದ. ಜೇಬಿನಿಂದ ಮಡಿಸಿದ ನಮೂನೆ ತೆಗೆದ. "ಬಿಳಿ ರೆಕ್ಕೆಯ ಜುಂಕೊ, ಒಂದು. ನೋಡಿದವರು ಡೆಲ್ಮಸ್ ಟೀಟರ್, ಐಡೆಲ್ಲಾ ಸ್ಪೊನಾಗಲ್."

ಇಡೀ ಹಾಲ್ ಹೋ ಎಂದಿತು. ಯಾರೋ ಮೇಜು ಗುದ್ದಿದರು. ಪಕ್ಕದ ಮೇಜಿನ ಮುದುಕ ನನ್ನ ಬೆನ್ನು ತಟ್ಟಿ, "ಈ ಸಲ ಚೀಲ ಅಲ್ಲ ತಾನೆ?" ಎಂದ. ನಾನು ಎದ್ದು ನಿಂತೆ.

"ಅದು ಬಿಳಿ ರೆಕ್ಕೆದಲ್ಲ" ಎಂದೆ. "ಬಾಲದಲ್ಲಿ ಬಿಳಿ ಇರೋದು ಎರಡೂವರೆ ಗರಿ. ನಮ್ಮ ಅಂಗಳದ ಯಜಮಾನನೇ ಅದು."

"ಮತ್ತೆ ರೆಕ್ಕೆ ಮೇಲಿರೋ ಪಟ್ಟೆ?" ಡೆಲ್ಮಸ್ ಕೇಳಿದ. ಮುಖದಲ್ಲಿ ಏನೂ ಕಾಣಲಿಲ್ಲ.

"ಮೈದಾ. ನಾನೇ ಬಳಿದಿದ್ದು. ನಿನ್ನನ್ನ ಏಮಾರಿಸೋಣ ಅಂತ. ಆಮೇಲೆ ನೀನು ಅತ್ಬಿಟ್ಟೆ, ನಾನು ಬಾಯ್ಮುಚ್ಕೊಂಡು ಸಹಿ ಹಾಕ್ದೆ. ತೊರೆ ತಗೋ, ಬೇರೆಯವರಿಗೆ ಕೊಡು. ರಾಜಧಾನಿಗೆ ಮಾತ್ರ ಕಳಿಸ್ಬೇಡ ಮಾರಾಯ."

ಬಾಣಲೆಯ ಮುಂದೆ ನಿಂತವನೂ ತಿರುಗಿ ನೋಡುತ್ತಿದ್ದ. ಡೆಲ್ಮಸ್ ನಮೂನೆಯ ಮಡಿಕೆಯನ್ನು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದುವ ದನಿಯಲ್ಲಿ ಓದಿದ.

"ಹಕ್ಕಿ: ಸಾಮಾನ್ಯ ಜುಂಕೊ, ಕಪ್ಪು ಗಂಡು. ಬಾಲದ ಬಿಳಿ: ಎರಡೂವರೆ ಗರಿ. ರೆಕ್ಕೆಯ ಬಿಳಿ: ಮೈದಾ ಹಿಟ್ಟು. ಬಳಿದವರು: ಎರಡನೇ ಸಹಿದಾರರು."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಕಳ್ಳ! ನಿಂಗೆ ಗೊತ್ತಿತ್ತಾ?"

"ಎಪ್ಪತ್ತಮೂರು ವರ್ಷದ ಹೆಂಗಸು ಒಂದು ವಾರ ಹಿಮದಲ್ಲಿ ಅಂಬೆಗಾಲಿಟ್ರೆ ಎದುರುಮನೆಯೋನಿಗೆ ಕಾಣಲ್ವಾ? ಮಹಡಿ ಮೇಲೆ ದೂರದರ್ಶಕ ಇಟ್ಕೊಂಡಿರೋನು ನಾನು. ಬೇಕರಿ ಟೋಪಿ ಹೆಣ್ಣನ್ನೂ ನೋಡಿದೀನಿ."

"ಮತ್ತೆ ಆ ಕಣ್ಣೀರು?"

"ಈರುಳ್ಳಿ."

ಇಡೀ ಹಾಲ್ ನಗುವಿನಿಂದ ಸಿಡಿಯಿತು. ವಿಲ್ಡಾ ಮೇಜಿನ ಮೇಲೆ ತಲೆಯಿಟ್ಟು ಅಲುಗಾಡುತ್ತಿದ್ದಳು, ಅವಳ ಕೂದಲು ಮೇಪಲ್ ಪಾಕದಲ್ಲಿ ಅದ್ದಿತ್ತು. ನನಗೆ ಅವನ ಕತ್ತು ಹಿಸುಕಬೇಕೆನಿಸಿತು, ಜೊತೆಗೇ ಎದೆಯ ಕಲ್ಲೂ ಇಳಿಯಿತು. ನಗು ತಗ್ಗುವವರೆಗೆ ಡೆಲ್ಮಸ್ ಕಾದ.

"ಇನ್ನೊಂದಿದೆ ಐಡೆಲ್ಲಾ. ಹೋದ ವರ್ಷದ ಗೂಬೆ."

ಹತ್ತು ಹಿಟ್ಟಿನ ಹಕ್ಕಿಯನ್ನಾದರೂ ಒಪ್ಪಿಕೊಂಡೇನು, ಇದೊಂದು ಬೇಡವಾಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವನು ಅಂದು ಕಣ್ಣಿನ ಮಾತಲ್ಲ ಎಂದದ್ದು ಏಕೆಂದು ನನಗೆ ಆಗ ಹೊಳೆಯಿತು.

"ಚೀಲ" ಎಂದೆ. "ಹತ್ತು ಹೆಜ್ಜೆ ಹತ್ರ ಹೋದಾಗ ನಂಗೂ ಗೊತ್ತಾಯ್ತು. ಅಷ್ಟೊತ್ತಿಗೆ ವಿಲ್ಡಾ ಬರೆದಾಗಿತ್ತು. ಹೊಡೆದುಹಾಕೋಕೆ ಮನಸ್ಸು ಬರ್ಲಿಲ್ಲ."

ಹಿಂದಿನಿಂದ ಯಾರೋ "ಹೂ... ಹೂ..." ಎಂದರು. ಈ ಸಲ ನಾನೂ ನಕ್ಕೆ. ಡೆಲ್ಮಸ್ ಪುಟ ತಿರುಗಿಸಿ, ರಬ್ಬರ್ ತೆಗೆದುಕೊಂಡು, ಹೋದ ವರ್ಷದ ಗೂಬೆಯನ್ನು ಅಳಿಸಿದ. ಊದಿ ಪುಡಿ ಹಾರಿಸಿದ.

"ಕಣ್ಣು ಮಂಜಾದ್ರೆ ಡಾಕ್ಟರಿದ್ದಾರೆ. ಈ ಪುಸ್ತಕದಲ್ಲಿ ಸುಳ್ಳು ಇರ್ಬಾರ್ದು, ಅಷ್ಟೇ ನಾನು ಹೇಳೋದು. ತೊರೆ ನಿಂದೇ."

ಅಲ್ಲಿಗೆ ಕೂತುಬಿಡಬಹುದಿತ್ತು. ಬೇಕಾಗಿದ್ದದ್ದು ಸಿಕ್ಕಿತ್ತು. ಆದರೆ ಅವನು ನಿಂತ ಭಂಗಿ ಇತ್ತಲ್ಲ, ಎದೆಯುಬ್ಬಿಸಿ, ಥೇಟ್ ಯಜಮಾನ. ಮೂವತ್ತು ವರ್ಷದಿಂದ ನಾಲಿಗೆಯ ತುದಿಯಲ್ಲಿ ಕಟ್ಟಿಟ್ಟದ್ದು ತಾನಾಗಿಯೇ ಬಿಚ್ಚಿಕೊಂಡಿತು.

"ಒಂದೂ ಸುಳ್ಳು ಇರ್ಬಾರ್ದಾ?"

"ಒಂದೂ ಇರ್ಬಾರ್ದು."

"ಹಂಗಾದ್ರೆ ತೊಂಬತ್ತೊಂದನೇ ಇಸವಿ ತೆಗಿ."

ರಬ್ಬರ್ ಹಿಡಿದ ಕೈ ನಿಂತಿತು.

"ಆ ವರ್ಷ ಎಣಿಕೆಗೆ ಎರಡು ದಿನ ಮುಂಚೆ ಹಾಯ್ಟ್ ಕೊಟ್ಟಿಗೆ ಏಣಿಯಿಂದ ಬಿದ್ದು ಕಾಲು ಮುರ್ಕೊಂಡ, ಯಾವತ್ತು ಬಿದ್ದ ಅಂತ ಊರಿಗೆ ಸರಿಯಾಗಿ ಗೊತ್ತಾಗ್ಲಿಲ್ಲ. ಎಣಿಕೆ ದಿನ ಸಂಜೆ ಅವನಿಗೆ ಹುರುಳಿಕಾಯಿ ಸೂಪು ತಗೊಂಡು ಹೋದೋಳು ನಾನು. ಸೊಂಟದ ತನಕ ಪ್ಲಾಸ್ಟರ್ ಹಾಕ್ಕೊಂಡು ಮಲಗಿದ್ದ. ಅವನು ಬೆಟ್ಟದ ನೆತ್ತಿ ಮೇಲೆ ಹೆಂಗೆ ಬಂದ?"

ಡೆಲ್ಮಸ್‌ನ ಕಿವಿ ಕೆಂಪಾಯಿತು. ಎರಡನೇ ಕ್ಲಾಸಿನಿಂದ ನನಗೆ ಆ ಕೆಂಪು ಗೊತ್ತು.

"ನಾನು ನೋಡಿದ್ದು ನಿಜ ಐಡೆಲ್ಲಾ" ಎಂದ. ದನಿ ಸಣ್ಣದಾಗಿತ್ತು. ಇದರಲ್ಲಿ ಈರುಳ್ಳಿ ಇರಲಿಲ್ಲ. "ಬಿಳಿ ಡೇಗೆ. ನನ್ನ ತಲೆ ಮೇಲೇ ಹೋಯ್ತು. ಜೊತೇಲಿ ಯಾರೂ ಇರ್ಲಿಲ್ಲ."

ನಾನು ಅವನನ್ನು ನಂಬಿದೆ. ಈಗಲೂ ನಂಬುತ್ತೇನೆ. ಹಾಯ್ಟ್ ಕೂಡ ಅಂದು ಸೂಪು ಕುಡಿಯುತ್ತ ಅದನ್ನೇ ಹೇಳಿದ್ದ: ತಮ್ಮ ಸುಳ್ಳು ಹೇಳೋನಲ್ಲ, ನಾನು ಬರೀ ಸಹಿ ಹಾಕ್ದೆ, ನೀನು ಯಾರಿಗೂ ಹೇಳ್ಬೇಡ ಎಂದು.

"ನೋಡಿರ್ತೀಯ" ಎಂದೆ. "ಆದ್ರೆ ಇಬ್ಬರು ನೋಡ್ಬೇಕಲ್ಲ, ಮೇಷ್ಟ್ರೇ."

ಹುಟ್ಟಿದಾಗಿನಿಂದ ನಾನು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಪುಟಗಳನ್ನು ಹಿಂದಕ್ಕೆ ತಿರುಗಿಸಿದ, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಹಳದಿಯಾದ ಪುಟಗಳವರೆಗೆ. ಅಲ್ಲಿ ಶಾಯಿಯಲ್ಲಿ ಬರೆದಿತ್ತು, ರಬ್ಬರಿಗೆ ಹೋಗುವಂಥದ್ದಲ್ಲ. ಪೆನ್ನು ತೆಗೆದು ಒಂದು ಗೆರೆ ಎಳೆದ, ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕಿದ.

ಮತ್ತೆ ಈ ವರ್ಷದ ಪುಟಕ್ಕೆ ಬಂದ.

"ಏಳನೇ ಭಾಗ. ಐಡೆಲ್ಲಾಳ ತೊರೆ. ಜುಂಕೊ ಎಷ್ಟು?"

ವಿಲ್ಡಾ ಚೀಟಿಯನ್ನು ನನ್ನ ಮುಂದೆ ಸರಿಸಿದಳು. ಎಪ್ಪತ್ತೊಂದು ಎಂದಿತ್ತು. ಆರು ಭಾಗದಲ್ಲಿ ಯಾರದೂ ಎಪ್ಪತ್ತು ಮುಟ್ಟಿರಲಿಲ್ಲ, ನಾವೇ ಮುಂದೆ. ಆದರೆ ಸೇತುವೆಯ ಹತ್ತಿರ ಪೊದೆ ಬದಲಾಯಿಸಿದ ಎರಡು ಹಕ್ಕಿಗಳ ಮೇಲೆ ನನಗೆ ಅನುಮಾನವಿತ್ತು. ಎಣಿಸಿದ್ದನ್ನೇ ಮತ್ತೆ ಎಣಿಸಿದೆವೇನೋ.

"ಅರವತ್ತೊಂಬತ್ತು" ಎಂದೆ.